ಅಕ್ಕನಿಗೆ ಕಣ್ಣಾದವಳು: ಲಾರಾ ಇಂಗಲ್ಸ್ ವೈಲ್ಡರ್

ಪ್ರತಿ ವರ್ಷವೂ ಬೇಸಗೆಯ ರಜೆ ಸಮೀಪಿಸಿತೆಂದರೆ ಒಂದು ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವರಿಗೆ ಪುಸ್ತಕಗಳ ಪರಿಚಯ ತಕ್ಕಮಟ್ಟಿಗಾದರೂ ಇರಲೇಬೇಕೆಂಬುದು ಸುತ್ತಮುತ್ತಲಿನವರ ನಂಬಿಕೆ. ಆದುದರಿಂದ ನೆರೆಹೊರೆಯ ತಾಯ್ತಂದೆಯರು, ಒಮ್ಮೊಮ್ಮೆ ನನ್ನ ಹಳೆಯ ವಿದ್ಯಾರ್ಥಿಗಳೇ ತಮ್ಮ ಮಗುವಿನ ಕೈಹಿಡಿದುಕೊಂಡು ಬಂದು ವಿಚಾರಿಸುತ್ತಾರೆ. ಮಗುವಿಗೆ ಎಂಟೋ ಒಂಬತ್ತೋ ವಯಸ್ಸು. ಚಿತ್ರಪುಸ್ತಕಗಳ ಕಾಲ ಮುಗಿಯಿತು; ದೊಡ್ಡವರ ಕಾದಂಬರಿ ಇನ್ನೂ ಕೈಗೆಟುಕದು. ಇವೆರಡರ ನಡುವಣ ಹೊತ್ತಿಗೆ, ದಿನಕ್ಕೊಂದು ಅಧ್ಯಾಯದಂತೆ ಓದಿಕೊಂಡು ಹೋಗಬಹುದಾದ, ಒಂದು ಮುಗಿದರೆ ಇನ್ನೊಂದು ಕಾದುಕೊಂಡಿರುವ ಕಥೆಗಳ ಮಾಲೆ ಯಾವುದಾದರೂ ಉಂಟೆ ಎಂಬುದು ಅವರ ಪ್ರಶ್ನೆ.

ಉಂಟು. ಹಲವಾರು ವರ್ಷಗಳಿಂದ ನಾನು ಮೊದಲು ಹೇಳುತ್ತ ಬಂದಿರುವುದು ಅಮೆರಿಕದ ಲೇಖಕಿ ಲಾರಾ ಇಂಗಲ್ಸ್ ವೈಲ್ಡರಳ ‘ಪುಟ್ಟ ಮನೆ’ಯ ಕಥಾಮಾಲೆಯನ್ನು. ಅದು ಕನ್ನಡಕ್ಕೂ ಬಂದಿರುವುದರಿಂದ ಇಂಗ್ಲಿಷ್ ಬಾರದ ಮಗುವಿಗೂ ಅದನ್ನು ಓದುವ ದಾರಿ ತೆರೆದಿದೆ. ಆದರೆ ಮೊದಲಿನಂತೆ ಪುಸ್ತಕದ ಹೆಸರೊಂದನ್ನು ಹೇಳಿ ಸುಮ್ಮನಾಗುವುದು ಈಗ ನನ್ನಿಂದ ಆಗುತ್ತಿಲ್ಲ. ಏಕೆ ಆಗುತ್ತಿಲ್ಲವೆಂಬುದನ್ನು ಹೇಳಬೇಕಾದರೆ ಆಕೆಯ ಬಾಳನ್ನೇ ಹೇಳಬೇಕು.

ಲಾರಾ ಹುಟ್ಟಿದ್ದು ೧೮೬೭ನೆಯ ಇಸವಿ ಫೆಬ್ರವರಿ ೭ರಂದು, ವಿಸ್ಕಾನ್ಸಿನ್ ಸಂಸ್ಥಾನದ ಪೆಪಿನ್ ಎಂಬ ಊರಿನ ಬಳಿಯ ಕಾಡಿನಲ್ಲಿದ್ದ ಒಂದು ಮರದ ಮನೆಯಲ್ಲಿ. ತಂದೆ ಚಾರ್ಲ್ಸ್ ಇಂಗಲ್ಸ್ ಬೇಸಾಯ, ಬೇಟೆ, ಬಡಗಿಯ ಕೆಲಸ ಮೂರನ್ನೂ ಬಲ್ಲವನು. ಸಂಜೆಯಾದರೆ ಪಿಟೀಲು ನುಡಿಸುವವನು. ಒಂದೆಡೆ ನಾಲ್ಕು ಕಾಲ ನಿಂತು ಬಾಳುವುದು ಮಾತ್ರ ಆತನಿಂದಾಗಲಿಲ್ಲ. ಪಡುವಣ ದಿಕ್ಕಿನಲ್ಲಿ ಹೊಸ ನೆಲವಿದೆಯೆಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಗಾಡಿಗೆ ಬಟ್ಟೆಯ ಕಮಾನು ಬಿಗಿದು ಹೊರಟುಬಿಡುವನು. ತಾಯಿ ಕ್ಯಾರೊಲೈನ್ ಮದುವೆಗೆ ಮುಂಚೆ ಶಾಲೆಯ ಉಪಾಧ್ಯಾಯಿನಿಯಾಗಿದ್ದವಳು. ಹೋದಲ್ಲೆಲ್ಲ ಮಕ್ಕಳಿಗೆ ಓದುಬರೆಹ ತಪ್ಪಬಾರದೆಂಬುದು ಆಕೆಯ ಒಂದೇ ಹಟ. ಲಾರಾಗಿಂತ ಎರಡು ವರ್ಷ ಹಿರಿಯಳು ಅಕ್ಕ ಮೇರಿ. ಅನಂತರ ಕ್ಯಾರಿ ಮತ್ತು ಗ್ರೇಸ್ ಎಂಬ ತಂಗಿಯರಿಬ್ಬರು ಹುಟ್ಟಿದರು.

ಲಾರಾಗೆ ಇನ್ನೂ ಎರಡು ವರ್ಷ ತುಂಬಿದ ಹೊತ್ತಿನಲ್ಲಿ, ೧೮೬೯ರಲ್ಲಿ, ಆ ಸಂಸಾರ ಕ್ಯಾನ್ಸಸ್ ಪ್ರಾಂತದ ಹುಲ್ಲುಗಾವಲಿಗೆ ಹೋಗಿ ಮನೆ ಕಟ್ಟಿತು. ಅಲ್ಲಿ ನಿಂತದ್ದು ೧೮೭೧ರವರೆಗೆ ಮಾತ್ರ. ಮರಳಿ ವಿಸ್ಕಾನ್ಸಿನ್ನಿಗೆ ಬಂದು, ೧೮೭೪ರಲ್ಲಿ ಮಿನೆಸೋಟದ ವಾಲ್‌ನಟ್ ಗ್ರೋವ್ ಎಂಬಲ್ಲಿಗೆ ಹೋದರು. ಅಲ್ಲಿ ಮೊದಲು ಅವರ ವಾಸ ಹಳ್ಳದ ದಡವನ್ನು ಕೊರೆದು ಮಾಡಿದ ಮಣ್ಣಿನ ಗೂಡಿನಲ್ಲಿ. ಗೋದಿ ಎದೆಯೆತ್ತರ ಬೆಳೆದು ಇನ್ನೇನು ಸಾಲ ತೀರೀತೆನ್ನುವ ಹೊತ್ತಿಗೆ ಮಿಡತೆಯ ಹಿಂಡು ಮೋಡದಂತೆ ಬಂದಿಳಿದು ಪೈರೆಲ್ಲವನ್ನೂ ತಿಂದು ಹಾಕಿತು. ೧೮೭೩ರಿಂದ ೧೮೭೭ರವರೆಗೆ ಆ ಸೀಮೆಯ ರೈತರನ್ನು ಹಣ್ಣು ಮಾಡಿದ ಪಿಡುಗು ಅದು. ಮುಂದೆ ಮೂವತ್ತು ವರ್ಷ ಕಳೆಯುವುದರೊಳಗೆ ಆ ಜಾತಿಯ ಮಿಡತೆಯೇ ಭೂಮಿಯ ಮೇಲಿಂದ ಅಳಿದುಹೋಯಿತು. ಆದರೆ ಅಷ್ಟರೊಳಗೆ ಎಷ್ಟೋ ಮನೆಗಳನ್ನು ಅದು ಅಳಿಸಿತ್ತು. ಚಾರ್ಲ್ಸ್ ಇತರರ ಹೊಲದಲ್ಲಿ ಕುಯಿಲಿನ ಕೂಲಿ ಮಾಡಲೆಂದು ಕಾಲುನಡಿಗೆಯಲ್ಲಿ ದೂರ ಮೂಡಲಿಗೆ ಹೋಗಬೇಕಾಯಿತು.

೧೮೭೬ರ ಆಗಸ್ಟಿನಲ್ಲಿ ಒಂಬತ್ತು ತಿಂಗಳ ಗಂಡುಕೂಸು ಫ್ರೆಡ್ಡಿ ತೀರಿಕೊಂಡಿತು. ಆ ದುಃಖವನ್ನು ಹೊತ್ತುಕೊಂಡೇ ಸಂಸಾರ ಅಯೋವ ಪ್ರಾಂತದ ಬರ್ ಓಕ್ ಎಂಬ ಪಟ್ಟಣಕ್ಕೆ ಹೋಗಿ ಅಲ್ಲಿನ ಒಂದು ಹೋಟೆಲಿನಲ್ಲಿ ದುಡಿಯಿತು. ಕೈಗೂಡದೆ, ಬಾಕಿಯನ್ನು ತೀರಿಸಲಾರದೆ, ೧೮೭೭ರಲ್ಲಿ ಒಂದು ರಾತ್ರಿ ಯಾರಿಗೂ ಹೇಳದೆ ಊರು ಬಿಟ್ಟು ಮಿನೆಸೋಟಕ್ಕೆ ಹಿಂತಿರುಗಿತು. ಈ ಎರಡು ಸಂಗತಿಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇವುಗಳ ಮಾತು ಬರುತ್ತದೆ.

೧೮೭೯ರಲ್ಲಿ ಹದಿನಾಲ್ಕು ವರ್ಷದ ಮೇರಿ ಜ್ವರಕ್ಕೆ ಸಿಕ್ಕಿ ಕಣ್ಣು ಕಳೆದುಕೊಂಡಳು. ಕಥಾಮಾಲೆಯಲ್ಲಿ ಅದನ್ನು ಸ್ಕಾರ್ಲೆಟ್ ಜ್ವರವೆಂದು ಕರೆದಿದೆ. ಹಳೆಯ ಕಾಗದಪತ್ರಗಳನ್ನು ಪರಿಶೀಲಿಸಿದ ವೈದ್ಯರು ಅದು ಮೆದುಳಿಗೂ ಅದರ ಪೊರೆಗೂ ತಗುಲಿದ ಉರಿಯೂತವಿರಬೇಕೆಂದು ೨೦೧೩ರಲ್ಲಿ ಅಭಿಪ್ರಾಯಪಟ್ಟಿದ್ದಾರೆ. ಕಾರಣ ಯಾವುದೇ ಇರಲಿ, ಮನೆಯಲ್ಲಿ ಎಲ್ಲರಿಗಿಂತ ಓದಿನಲ್ಲಿ ಮುಂದಿದ್ದ, ಉಪಾಧ್ಯಾಯಿನಿಯಾಗಬೇಕೆಂದಿದ್ದ ಹುಡುಗಿ ಕತ್ತಲಲ್ಲಿ ಕುಳಿತಳು. ಆಗ ತಂದೆ ಹನ್ನೆರಡು ವರ್ಷದ ಲಾರಾಳನ್ನು ಕರೆದು, ಇನ್ನು ಮೇಲೆ ಅಕ್ಕನಿಗೆ ನೀನೇ ಕಣ್ಣಾಗಬೇಕೆಂದು ಹೇಳಿದನೆಂದು ಮಾಲೆಯ ಐದನೆಯ ಪುಸ್ತಕದಲ್ಲಿದೆ.

ಲಾರಾಳ ಸಾಹಿತ್ಯವಿದ್ಯೆ ಆರಂಭವಾದದ್ದು ಅಲ್ಲಿಯೇ ಎಂದು ನಾನು ತಿಳಿದಿದ್ದೇನೆ. ಗಾಡಿಯ ಪಕ್ಕದಲ್ಲಿ ಸರಿದುಹೋಗುವ ನೆಲದ ಬಣ್ಣ, ಮುಳುಗುವ ಸೂರ್ಯನ ಎದುರಿಗೆ ಕುದುರೆಯೇರಿ ಹೋಗುವವನ ನೆರಳು, ಹೊಸ ಬಟ್ಟೆಯ ಅಂಚಿನ ಹೆಣಿಗೆ, ಬಂದ ಅತಿಥಿಯ ಮುಖ, ಇವೆಲ್ಲವನ್ನೂ ಆಕೆ ಅಕ್ಕನಿಗೆ ಮಾತಿನಲ್ಲಿ ಕಟ್ಟಿಕೊಡಬೇಕಾಗಿತ್ತು. ಕಾಣದವರಿಗೆ ಕಾಣಿಸುವ ಕೆಲಸ ಸುಲಭದ್ದಲ್ಲ. ಅಲಂಕಾರ ಹೆಚ್ಚಾದರೆ ವಸ್ತು ಮರೆಯಾಗುತ್ತದೆ. ಕಡಿಮೆಯಾದರೆ ಕೇಳುವವರಿಗೆ ಏನೂ ತೋರುವುದಿಲ್ಲ. ನಮ್ಮ ಅಲಂಕಾರಿಕರು ಸ್ವಭಾವೋಕ್ತಿ ಎಂದು ಕರೆದ ಗುಣವುಂಟಷ್ಟೆ, ವಸ್ತುವನ್ನು ಅದು ಇದ್ದಂತೆಯೇ ಹೇಳಿ ರಮ್ಯವಾಗಿಸುವುದು, ಅದನ್ನು ಈ ಹುಡುಗಿ ಯಾವ ಶಾಸ್ತ್ರವನ್ನೂ ಓದದೆ ಅಕ್ಕನ ಪಕ್ಕದಲ್ಲಿ ಕುಳಿತು ಕಲಿತಳು.

ಅದೇ ವರ್ಷ ತಂದೆಗೆ ರೈಲುದಾರಿ ಹಾಕುವವರ ಬಳಿ ಲೆಕ್ಕ ಬರೆಯುವ ಕೆಲಸ ದೊರೆಯಿತು. ಸಂಸಾರ ಡಕೋಟ ಪ್ರಾಂತಕ್ಕೆ ಹೋಯಿತು. ಅಲ್ಲಿ ಹೊಸದಾಗಿ ಎದ್ದ ಡಿ ಸ್ಮೆಟ್ ಎಂಬ ಪಟ್ಟಣವೇ ಮುಂದೆ ಆ ತಾಯ್ತಂದೆಯರ ಕೊನೆಯ ನೆಲೆಯಾಯಿತು. ೧೮೮೦ರ ಅಕ್ಟೋಬರಿನಲ್ಲಿ ಆರಂಭವಾದ ಹಿಮದ ಬಿರುಗಾಳಿ ಮರುವರ್ಷದ ವಸಂತದವರೆಗೂ ಬಿಡಲಿಲ್ಲ. ರೈಲು ನಿಂತಿತು, ಅಂಗಡಿಗಳಲ್ಲಿ ಧಾನ್ಯ ಮುಗಿಯಿತು, ಸೌದೆಯಿಲ್ಲದೆ ಒಣಹುಲ್ಲನ್ನು ಹಗ್ಗದಂತೆ ಹೊಸೆದು ಒಲೆಗೆ ಹಾಕಿದರು. ಕಾಫಿಬೀಜ ಪುಡಿಮಾಡುವ ಚಿಕ್ಕ ಕೈಯಂತ್ರದಲ್ಲಿ ಗೋದಿಯನ್ನು ಬೀಸಿ, ಮನೆಮಂದಿಯೆಲ್ಲ ಸರದಿಯ ಮೇಲೆ ಹಿಡಿ ತಿರುಗಿಸಿ, ದಿನದ ರೊಟ್ಟಿಯನ್ನು ಮಾಡಿಕೊಂಡರು. ಊರಿನ ತರುಣರಿಬ್ಬರು ಪ್ರಾಣದ ಹಂಗು ತೊರೆದು ಹಿಮದ ಬಯಲನ್ನು ದಾಟಿ ಒಬ್ಬ ರೈತನಿಂದ ಗೋದಿ ಕೊಂಡುತಂದು ಊರನ್ನು ಉಳಿಸಿದರು. ಅವರಲ್ಲೊಬ್ಬನಾದ ಆಲ್ಮಾಂಜೊ ವೈಲ್ಡರನೇ ಮುಂದೆ ಲಾರಾಳ ಕೈಹಿಡಿದವನು.

೧೮೮೧ರಲ್ಲಿ ಮೇರಿ ಅಯೋವದ ವಿಂಟನ್ ಎಂಬಲ್ಲಿದ್ದ ಅಂಧರ ಕಾಲೇಜಿಗೆ ಸೇರಿದಳು. ಮೇರಿಯ ಬಟ್ಟೆಬರೆ, ಪ್ರಯಾಣಗಳ ವೆಚ್ಚಕ್ಕೆ ಮನೆಯವರೆಲ್ಲ ಕೈಗೂಡಿಸಬೇಕಾಗಿತ್ತು. ಲಾರಾ ಅಂಗಿ ಹೊಲಿದು ಕಾಸು ಗಳಿಸಿದಳು. ಇನ್ನೂ ತಾನೇ ಶಾಲೆಗೆ ಹೋಗುತ್ತಿದ್ದ ಹದಿನಾರರ ಆಸುಪಾಸಿನ ವಯಸ್ಸಿನಲ್ಲಿ ಹಳ್ಳಿಶಾಲೆಯೊಂದಕ್ಕೆ ಪಾಠ ಹೇಳಲು ಹೊರಟಳು. ತನಗಿಂತ ಎತ್ತರದ ಹುಡುಗರನ್ನು ಎದುರಿಟ್ಟುಕೊಂಡು ನಿಂತ ಆ ಎಳೆಯ ಉಪಾಧ್ಯಾಯಿನಿಯ ಭಯವನ್ನು ಆಕೆ ಮುಂದೆ ಬರೆದಿರುವುದನ್ನು ಓದುವಾಗ, ಮೊದಲ ದಿನ ತರಗತಿಯ ಬಾಗಿಲಲ್ಲಿ ನಿಂತು ನನ್ನ ಕಾಲು ನಡುಗಿದ್ದು ನನಗೆ ನೆನಪಾಗುತ್ತದೆ. ಅಧ್ಯಾಪಕಮಿತ್ರರಿಗೆ ಇದನ್ನು ವಿವರಿಸಬೇಕಾಗಿಲ್ಲ.

೧೮೮೫ರ ಆಗಸ್ಟ್ ೨೫ರಂದು ಹದಿನೆಂಟರ ಲಾರಾಗೂ ಆಲ್ಮಾಂಜೊನಿಗೂ ಮದುವೆಯಾಯಿತು. ಮರುವರ್ಷ ಮಗಳು ರೋಸ್ ಹುಟ್ಟಿದಳು. ಅಲ್ಲಿಂದ ಮುಂದಿನ ನಾಲ್ಕಾರು ವರ್ಷಗಳು ಆ ದಂಪತಿಗಳ ಪಾಲಿಗೆ ಕೇವಲ ಕಷ್ಟಪರಂಪರೆ. ಮಳೆ ಕೈಕೊಟ್ಟಿತು. ೧೮೮೮ರಲ್ಲಿ ಗಂಡಹೆಂಡಿರಿಬ್ಬರೂ ಗಂಟಲಮಾರಿಗೆ ಸಿಕ್ಕಿದರು. ಗುಣವಾಗುವ ಮೊದಲೇ ದುಡಿಮೆಗಿಳಿದ ಆಲ್ಮಾಂಜೊನ ಕಾಲುಗಳು ಸೋತು, ಬಾಳಿನುದ್ದಕ್ಕೂ ಕುಂಟುವಂತಾಯಿತು. ೧೮೮೯ರಲ್ಲಿ ಹುಟ್ಟಿದ ಗಂಡುಮಗು ಹೆಸರಿಡುವ ಮುನ್ನವೇ ತೀರಿಕೊಂಡಿತು. ಕೆಲವು ದಿನಗಳಲ್ಲೇ ಮನೆ ಬೆಂಕಿಗೆ ಆಹುತಿಯಾಯಿತು. ಆರೋಗ್ಯ ಸುಧಾರಿಸೀತೆಂದು ಫ್ಲಾರಿಡಾಕ್ಕೆ ಹೋದರು. ಅಲ್ಲಿನ ಸೆಕೆ ಒಗ್ಗದೆ ಹಿಂತಿರುಗಿದರು.

೧೮೯೪ರ ಬೇಸಗೆಯಲ್ಲಿ ಮಿಸೌರಿಯ ಮ್ಯಾನ್ಸ್‌ಫೀಲ್ಡ್ ಎಂಬ ಊರಿಗೆ ಗಾಡಿ ಹೂಡಿದರು. ಕೂಡಿಟ್ಟ ನೂರು ಡಾಲರಿನ ಒಂದೇ ನೋಟನ್ನು ಲಾರಾ ತನ್ನ ಬರೆಯುವ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದಳು. ಭೂಮಿಯನ್ನು ಕೊಳ್ಳಲು ಹೊರಟ ಹೊತ್ತಿಗೆ ಆ ನೋಟು ಕಾಣಲಿಲ್ಲ. ಕೆಲವು ದಿನಗಳ ಸಂಕಟದ ಅನಂತರ ಅದೇ ಪೆಟ್ಟಿಗೆಯ ಸಂದಿಯಲ್ಲಿ ಜಾರಿಕೊಂಡಿದ್ದುದು ಕೈಗೆ ಸಿಕ್ಕಿತು. ಹಾಗೆ ಕೊಂಡ ನಲವತ್ತು ಎಕರೆ ಕಲ್ಲುನೆಲದಲ್ಲಿ ಸೇಬಿನ ಸಸಿ ನೆಟ್ಟು, ಕೋಳಿ ಸಾಕಿ, ಹತ್ತಾರು ವರ್ಷ ದುಡಿದು ನೆಲೆನಿಂತರು. ೧೯೧೧ರಿಂದ ಲಾರಾ ಅಲ್ಲಿನ ರೈತರ ಪತ್ರಿಕೆಯೊಂದಕ್ಕೆ ಲೇಖನ ಬರೆಯತೊಡಗಿದಳು. ಆಗ ಆಕೆಗೆ ನಲವತ್ತನಾಲ್ಕು ವರ್ಷ. ಕೋಳಿಸಾಕಣೆ, ಅಡಿಗೆಮನೆಯ ಅಚ್ಚುಕಟ್ಟು, ನೆರೆಹೊರೆಯ ಸ್ನೇಹ, ಇವೇ ಆಕೆಯ ವಸ್ತುಗಳು.

೧೯೦೨ರಲ್ಲಿ ತಂದೆ, ೧೯೨೪ರಲ್ಲಿ ತಾಯಿ ತೀರಿಕೊಂಡರು. ೧೯೨೮ರಲ್ಲಿ ಅಕ್ಕ ಮೇರಿಯೂ ಹೋದಳು. ೧೯೨೯ರ ಆರ್ಥಿಕ ಕುಸಿತದಲ್ಲಿ ಮಗಳು ತೊಡಗಿಸಿದ್ದ ಹಣವೂ ತಾಯಿಯದೂ ಕರಗಿಹೋಯಿತು. ರೋಸ್ ಆ ಹೊತ್ತಿಗೆ ಹೆಸರಾದ ಲೇಖಕಿ. ೧೯೩೦ರಲ್ಲಿ ಅರುವತ್ತಮೂರು ವರ್ಷದ ಲಾರಾ ಶಾಲೆಯ ಮಕ್ಕಳು ಬಳಸುವ ಅಗ್ಗದ ಬರೆಹದ ಪುಸ್ತಕಗಳಲ್ಲಿ ಪೆನ್ಸಿಲಿನಿಂದ ತನ್ನ ಬಾಲ್ಯದ ಕಥೆಯನ್ನು ಬರೆದಳು. ದೊಡ್ಡವರಿಗೆಂದು ಬರೆದ ಆ ಆತ್ಮಕಥನವನ್ನು ಯಾವ ಪ್ರಕಾಶಕರೂ ಒಪ್ಪಲಿಲ್ಲ. ಅದರೊಳಗಿನ ವಿಸ್ಕಾನ್ಸಿನ್ ಕಾಡಿನ ಭಾಗವನ್ನು ಮಕ್ಕಳಿಗಾಗಿ ಬೆಳೆಸಿ ಬರೆದಾಗ ಅದು ೧೯೩೨ರಲ್ಲಿ ‘ಲಿಟಲ್ ಹೌಸ್ ಇನ್ ದ ಬಿಗ್ ವುಡ್ಸ್’ ಎಂಬ ಹೆಸರಿನಿಂದ ಪ್ರಕಟವಾಯಿತು. ಆಗ ಲಾರಾಗೆ ಅರುವತ್ತೈದು. ನಮ್ಮಲ್ಲಿ ನಿವೃತ್ತಿಯ ಸನ್ಮಾನ ಮುಗಿಸಿ, ಹಾರ ಶಾಲುಗಳನ್ನು ಮಡಿಸಿಟ್ಟು ಕೂರುವ ವಯಸ್ಸು ಅದು.

ಮುಂದಿನ ಹನ್ನೊಂದು ವರ್ಷಗಳಲ್ಲಿ ಏಳು ಪುಸ್ತಕಗಳು ಹೊರಬಂದವು. ೧೯೩೩ರಲ್ಲಿ, ಗಂಡನ ಬಾಲ್ಯವನ್ನು ಹೇಳುವ ‘ಫಾರ್ಮರ್ ಬಾಯ್’. ೧೯೩೫ರಲ್ಲಿ, ಕ್ಯಾನ್ಸಸ್ಸಿನ ಕಥೆಯಾದ ‘ಲಿಟಲ್ ಹೌಸ್ ಆನ್ ದ ಪ್ರೇರಿ’. ೧೯೩೭ರಲ್ಲಿ ಮಿಡತೆಯ ಕಾಲದ ಕಥೆ. ೧೯೩೯ರಲ್ಲಿ ರೈಲುದಾರಿಯ ಕಥೆ. ೧೯೪೦ರಲ್ಲಿ ಹಿಮಗಾಲದ ಕಥೆಯಾದ ‘ದ ಲಾಂಗ್ ವಿಂಟರ್’. ೧೯೪೧ರಲ್ಲಿ ಪುಟ್ಟ ಪಟ್ಟಣದ ಕಥೆ. ೧೯೪೩ರಲ್ಲಿ ಉಪಾಧ್ಯಾಯಿನಿಯ ಬಾಳಿನಿಂದ ಮದುವೆಯವರೆಗಿನ ಕಥೆ. ಮಗಳು ರೋಸ್ ತಾಯಿಯ ಹಸ್ತಪ್ರತಿಯನ್ನು ತಿದ್ದಿ, ಬೆಚ್ಚು ಮಾಡಿ, ಅಧ್ಯಾಯಗಳನ್ನು ಜೋಡಿಸಿ ಕೊಡುತ್ತಿದ್ದಳು. ಆಕೆಯ ಪಾಲು ಎಷ್ಟೆಂಬುದರ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ಚರ್ಚೆಯೇ ನಡೆದಿದೆ. ೨೦೧೪ರಲ್ಲಿ ಮೂಲ ಆತ್ಮಕಥನವೂ ಟಿಪ್ಪಣಿಗಳೊಡನೆ ಅಚ್ಚಾದ ಮೇಲೆ, ನೆನಪುಗಳೂ ನೋಟವೂ ತಾಯಿಯವು, ಕಟ್ಟಡದ ಓರೆಕೋರೆಗಳನ್ನು ತಿದ್ದಿದ ಕೈ ಮಗಳದು ಎಂದು ಹೇಳುವುದು ನ್ಯಾಯವಾದೀತೆಂದು ನನಗೆ ತೋರುತ್ತದೆ.

ಇಲ್ಲಿ ಒಂದು ಸಂಗತಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ. ಯಾರಿಗಾಗಿ ಲಾರಾ ಕಂಡದ್ದನ್ನು ಮಾತಾಗಿಸುವ ಅಭ್ಯಾಸ ಮಾಡಿದಳೋ ಆ ಅಕ್ಕ ಈ ಪುಸ್ತಕಗಳಲ್ಲಿ ಒಂದನ್ನಾದರೂ ಕೇಳಲಿಲ್ಲ. ಮೇರಿ ತೀರಿಕೊಂಡ ನಾಲ್ಕು ವರ್ಷಗಳ ಮೇಲೆ ಮೊದಲನೆಯದು ಹೊರಬಂತು. ಅಕ್ಕನಿಗೆ ಸಲ್ಲಬೇಕಾಗಿದ್ದ ಮಾತು ಮುಂದೆ ಲೋಕದ ಮಕ್ಕಳಿಗೆ ಸಂದಿತು.

ಇನ್ನು ಈ ಮಾಲೆಯ ಗುಣವೇನೆಂದು ವಿದ್ಯಾರ್ಥಿಗಳು ಕೇಳಬಹುದು. ಮೊದಲನೆಯದಾಗಿ, ಇದು ಓದುವ ಮಗುವಿನೊಡನೆ ತಾನೂ ಬೆಳೆಯುತ್ತದೆ. ಮೊದಲ ಪುಸ್ತಕದಲ್ಲಿ ಲಾರಾ ನಾಲ್ಕೈದು ವರ್ಷದ ಕೂಸು. ಅಲ್ಲಿನ ವಾಕ್ಯಗಳೂ ಚಿಕ್ಕವು, ಲೋಕವೂ ಚಿಕ್ಕದು. ಕೊನೆಯ ಪುಸ್ತಕದಲ್ಲಿ ಆಕೆಗೆ ಹದಿನೆಂಟು. ವಾಕ್ಯ ನೀಳವಾಗಿದೆ, ಮನಸ್ಸು ಸಂಕೀರ್ಣವಾಗಿದೆ, ಮಾತಿಗಿಂತ ಮೌನಕ್ಕೆ ಬೆಲೆ ಬಂದಿದೆ. ಎರಡನೆಯದಾಗಿ, ಇಲ್ಲಿ ಕೆಲಸಕ್ಕೆ ಇರುವ ಗೌರವ. ಬೆಣ್ಣೆ ಕಡೆಯುವುದು, ಮಾಂಸಕ್ಕೆ ಹೊಗೆಯಾಡಿಸಿ ಕಾಪಿಡುವುದು, ಒಂದು ಮೊಳೆಯನ್ನೂ ಬಳಸದೆ ಮರದ ಗೂಟಗಳಿಂದಲೇ ಬಾಗಿಲು ಮಾಡುವುದು, ಬಾವಿ ತೋಡುವಾಗ ಕೆಟ್ಟ ಗಾಳಿ ಇದೆಯೇ ಎಂದು ಮೊಂಬತ್ತಿ ಇಳಿಬಿಟ್ಟು ಪರೀಕ್ಷಿಸುವುದು, ಇಂಥವು ಒಂದೊಂದೂ ಕೈಯಿಂದ ಮಾಡಿದಷ್ಟು ಸ್ಪಷ್ಟವಾಗಿ ಬರುತ್ತವೆ. ಹೇಗೆಂಬ ಪ್ರಶ್ನೆಗೆ ಮಗು ಉತ್ತರ ಬಯಸುತ್ತದೆ. ಲಾರಾ ಆ ಬಯಕೆಯನ್ನು ಎಂದೂ ಕಡೆಗಣಿಸುವುದಿಲ್ಲ. ಮೂರನೆಯದಾಗಿ, ಬಡತನವನ್ನು ಮುಚ್ಚಿಡದೆ, ಅದನ್ನು ಕಂಡು ಅಳುವಂತೆಯೂ ಮಾಡದೆ ಹೇಳುವ ಹದ. ಎಂಟು ವರ್ಷಕ್ಕೆ ಮೊದಲನೆಯದನ್ನು ಹಿರಿಯರು ಓದಿ ಹೇಳಲಿ, ಹತ್ತಕ್ಕೆ ಮಿಡತೆಯ ಕಥೆಯನ್ನು ಮಗು ತಾನೇ ಓದಲಿ, ‘ದ ಲಾಂಗ್ ವಿಂಟರ್’ ಹನ್ನೆರಡಕ್ಕೆ, ಕೊನೆಯದು ಹದಿನಾಲ್ಕಕ್ಕೆ. ನನ್ನ ಅನುಭವದಲ್ಲಿ ಈ ಕ್ರಮ ಹಿತವಾದದ್ದು.

ಇಷ್ಟನ್ನೇ ಹೇಳಿ ನಾನು ಬಹುಕಾಲ ಪುಸ್ತಕಗಳನ್ನು ಹಂಚುತ್ತಿದ್ದೆ. ನನ್ನ ಮಗಳಿಗೆ ಒಂಬತ್ತು ವರ್ಷವಾದಾಗ ರಾತ್ರಿ ಊಟವಾದ ಮೇಲೆ ಅವಳಿಗೆ ಕ್ಯಾನ್ಸಸ್ಸಿನ ಕಥೆಯನ್ನು ದಿನಕ್ಕೊಂದು ಅಧ್ಯಾಯದಂತೆ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಇಂಡಿಯನ್ನರು ಎಂಬ ಮಾತು ಬಂದೊಡನೆ ಅವಳು ನನ್ನನ್ನು ತಡೆದಳು. ಅವರು ನಮ್ಮವರೇ ಎಂದು ಅವಳ ಸಂದೇಹ. ಕೊಲಂಬಸನ ತಪ್ಪಿನಿಂದ ಅಮೆರಿಕದ ಮೂಲನಿವಾಸಿಗಳಿಗೆ ನಮ್ಮ ಹೆಸರು ಅಂಟಿತೆಂದು ತಿಳಿಸಿದೆ. ಆ ಉತ್ತರ ಅವಳಿಗೆ ಸಾಕಾಯಿತು. ಕಥೆ ಮುಗಿಯುವ ಹೊತ್ತಿಗೆ ಒಂದು ಅಧ್ಯಾಯ ಬರುತ್ತದೆ. ಓಸೇಜ್ ಜನ ತಮ್ಮ ಕುದುರೆಗಳ ಮೇಲೆ, ಮಕ್ಕಳುಮರಿಗಳೊಡನೆ, ಆ ಪುಟ್ಟ ಮನೆಯ ಮುಂದೆ ಸಾಲುಗಟ್ಟಿ ಊರು ಬಿಟ್ಟು ಹೋಗುತ್ತಾರೆ. ಕುದುರೆಯ ಮೇಲೆ ತಾಯಿಯ ಬಳಿಯಿದ್ದ ಒಂದು ಕೂಸಿನ ಕಪ್ಪು ಕಣ್ಣುಗಳು ಲಾರಾಳ ಕಣ್ಣನ್ನು ಕೂಡುತ್ತವೆ. ಆ ಕೂಸು ತನಗೆ ಬೇಕೆಂದು ಆಕೆ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಅಲ್ಲಿಗೆ ನಾನು ಪುಸ್ತಕ ಮುಚ್ಚಿದೆ. ಮಗಳು ಮಲಗಲಿಲ್ಲ. ಅವರ ಊರು ಅದೇ ಆಗಿದ್ದರೆ ಅವರು ಎಲ್ಲಿಗೆ ಹೋದರು, ಏಕೆ ಹೋದರು, ಲಾರಾಳ ಅಪ್ಪ ಅವರನ್ನು ಕೇಳಿ ಮನೆ ಕಟ್ಟಿದನೇ ಎಂದು ಒಂದರ ಮೇಲೊಂದು ಪ್ರಶ್ನೆ ಹಾಕಿದಳು. ಇಪ್ಪತ್ತು ವರ್ಷ ಪಾಠ ಹೇಳಿದ ನನ್ನ ಬಳಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆಂದು ದೀಪ ಆರಿಸಿದೆ. ಆ ರಾತ್ರಿ ನನಗಾದ ನಾಚಿಕೆಯನ್ನು ಇಲ್ಲಿ ಒಪ್ಪಿಕೊಳ್ಳುವುದೇ ಸರಿ.

ಮರುದಿನದಿಂದ ಗ್ರಂಥಾಲಯದಲ್ಲಿ ಹುಡುಕಿ ಓದಿದೆ. ಚಾರ್ಲ್ಸ್ ಇಂಗಲ್ಸ್ ಮನೆ ಕಟ್ಟಿದ ನೆಲ ಒಪ್ಪಂದದಂತೆ ಓಸೇಜ್ ಜನರಿಗೆ ಸೇರಿದ್ದು. ಅಲ್ಲಿ ನೆಲೆಸಲು ಬಿಳಿಯರಿಗೆ ಕಾನೂನಿನ ಹಕ್ಕೇ ಇರಲಿಲ್ಲ. ಆದರೂ ಇಂಗಲ್ಸ್ ಸಂಸಾರದಂಥ ಎಷ್ಟೋ ಸಂಸಾರಗಳು ನುಗ್ಗಿ ಬೇಸಾಯಕ್ಕೆ ತೊಡಗಿದವು. ಒತ್ತಡ ತಾಳಲಾರದೆ ಓಸೇಜರು ೧೮೭೦ರಲ್ಲಿ ಆ ನೆಲವನ್ನು ಬಿಟ್ಟುಕೊಡಲು ಒಪ್ಪಿ, ಈಗ ಓಕ್ಲಹೋಮ ಎನಿಸಿಕೊಂಡಿರುವ ಕಡೆಗೆ ತೆರಳಬೇಕಾಯಿತು. ಅವರ ಜನಾಂಗ ಇಂದಿಗೂ ಅಲ್ಲಿದೆ. ಪುಸ್ತಕದಲ್ಲಿ ಈ ಕಾರಣಗಳಿಲ್ಲ. ಅಷ್ಟೇ ಅಲ್ಲ, ೧೯೩೫ರ ಮುದ್ರಣದಲ್ಲಿ, ಆ ಬಯಲಿನಲ್ಲಿ ಮನುಷ್ಯರೇ ಇಲ್ಲವೆಂದೂ ಇರುವವರು ಇಂಡಿಯನ್ನರು ಮಾತ್ರವೆಂದೂ ಅರ್ಥ ಬರುವ ಒಂದು ವಾಕ್ಯವಿತ್ತು. ೧೯೫೨ರಲ್ಲಿ ವಾಚಕರೊಬ್ಬರು ಇದನ್ನು ಆಕ್ಷೇಪಿಸಿ ಪ್ರಕಾಶಕರಿಗೆ ಬರೆದರು. ಎಂಬತ್ತೈದು ವರ್ಷದ ಲಾರಾ ತನ್ನದು ಪ್ರಮಾದವೆಂದು ಒಪ್ಪಿಕೊಂಡಳು. ೧೯೫೩ರ ಹೊಸ ಮುದ್ರಣದಲ್ಲಿ, ಗಾರ್ತ್ ವಿಲಿಯಮ್ಸನ ಚಿತ್ರಗಳೊಡನೆ, ಆ ಒಂದು ಪದವನ್ನು ಬದಲಾಯಿಸಲಾಯಿತು. ಮನುಷ್ಯರಿಲ್ಲವೆಂದಿದ್ದುದು ಬಂದು ನೆಲೆಸಿದವರಿಲ್ಲವೆಂದಾಯಿತು. ಆದರೆ ಓಸೇಜರನ್ನು ಮೃಗಗಳಂತೆ ಬಣ್ಣಿಸುವ ಮಾತುಗಳು, ನೆರೆಯವರು ಅವರ ಬಗ್ಗೆ ಆಡುವ ಕ್ರೂರವಾದ ನುಡಿಗಳು ಹಾಗೆಯೇ ಉಳಿದವು.

ಮಾಲೆಯಲ್ಲಿ ಮರೆಯಾಗಿರುವುದು ಇನ್ನೂ ಇದೆ. ವಾಚಕರಿಗೆ ನೆನಪಿಡಿರೆಂದು ಹೇಳಿದ ಎರಡು ಸಂಗತಿಗಳು, ತೀರಿಕೊಂಡ ತಮ್ಮ ಮತ್ತು ರಾತ್ರಿಯಲ್ಲಿ ಬಿಟ್ಟುಬಂದ ಪಟ್ಟಣ, ಕಥೆಯಲ್ಲಿ ಎಲ್ಲಿಯೂ ಇಲ್ಲ. ಆ ಮೌನ ನನಗೆ ಅರ್ಥವಾಗುತ್ತದೆ. ತನ್ನ ಮನೆಯ ಸಾವನ್ನು, ತನ್ನ ತಂದೆಯ ಸೋಲನ್ನು ಹೇಳದೆ ಬಿಡುವ ಹಕ್ಕು ಮಗಳಿಗುಂಟು. ಓಸೇಜರ ವಿಷಯದ ಮೌನ ಹಾಗಲ್ಲ. ಅದು ಇತರರ ಬಾಳಿನ ಮಾತು. ಅಕ್ಕನಿಗಾಗಿ ಹುಲ್ಲಿನ ಎಸಳೆಸಳನ್ನೂ ಕಂಡು ಹೇಳಿದ ಕಣ್ಣು, ತಾನು ನಿಂತ ನೆಲದ ಒಡೆಯರನ್ನು ಅರೆಬರೆಯಾಗಿ ಕಂಡಿತು. ಆ ಕೂಸಿನ ಕಪ್ಪು ಕಣ್ಣನ್ನು ಮಾತ್ರ ನಿಜವಾಗಿ ಕಂಡಿತು; ಕಂಡೂ ಅದರ ಅರ್ಥವನ್ನು ಕೇಳದೆ ಬಿಟ್ಟಿತು.

ಹಾಗಾದರೆ ಈ ಪುಸ್ತಕವನ್ನು ಮಗುವಿನ ಕೈಗೆ ಕೊಡಬಾರದೆ? ಅಮೆರಿಕದಲ್ಲೂ ಈ ಪ್ರಶ್ನೆ ಎದ್ದಿದೆ. ಮಕ್ಕಳ ಗ್ರಂಥಾಲಯಗಳ ಸಂಘವು ೧೯೫೪ರಲ್ಲಿ ಲಾರಾಳ ಹೆಸರಿನಲ್ಲಿ ಒಂದು ಪದಕವನ್ನು ಸ್ಥಾಪಿಸಿ ಮೊದಲನೆಯದನ್ನು ಆಕೆಗೇ ಕೊಟ್ಟಿತ್ತು. ೨೦೧೮ರಲ್ಲಿ ಅದೇ ಸಂಘ ಪದಕದಿಂದ ಆಕೆಯ ಹೆಸರನ್ನು ತೆಗೆಯಿತು. ಪದಕ ಯಾರ ಹೆಸರಿನಲ್ಲಿರಬೇಕೆಂಬುದು ಅವರ ವಿವೇಚನೆಗೆ ಬಿಟ್ಟದ್ದು. ಮಗುವಿಗೆ ಪುಸ್ತಕ ಕೊಡುವುದು ಬೇರೆ. ನಾನು ಕೊಡುತ್ತೇನೆ, ಆದರೆ ಕೊಟ್ಟು ಎದ್ದುಹೋಗುವುದಿಲ್ಲ. ಕ್ಯಾನ್ಸಸ್ಸಿನ ಕಥೆಯನ್ನು ಮಾತ್ರ ಹಿರಿಯರು ಪಕ್ಕದಲ್ಲಿ ಕುಳಿತು ಓದಬೇಕೆಂದು ಹೇಳುತ್ತೇನೆ. ಲಾರಾ ಹೇಳದೆ ಬಿಟ್ಟದ್ದನ್ನು ಅಲ್ಲಿ ನಾವು ಸೇರಿಸಬೇಕು. ಈ ನೆಲ ಯಾರದಾಗಿತ್ತು, ಅವರು ಎಲ್ಲಿಗೆ ಹೋದರು ಎಂಬ ಎರಡು ಮಾತು ಸಾಕು. ಉಳಿದುದನ್ನು ಮಗು ತಾನೇ ಕೇಳುತ್ತದೆ. ಅಣೆಕಟ್ಟಿನ ನೀರಿಗೆ ಹಳ್ಳಿ ಕಳೆದುಕೊಂಡವರು, ಕಾಡಿನಿಂದ ಹೊರಬಂದವರು ನಮ್ಮ ನಾಡಿನಲ್ಲೂ ಇದ್ದಾರಾದುದರಿಂದ ಆ ಪ್ರಶ್ನೆ ನಮಗೆ ಹೊರಗಿನದೂ ಅಲ್ಲ.

ಇದರ ಜೊತೆಗೆ ಇನ್ನೊಂದು ಮಾಲೆಯನ್ನೂ ನಾನು ಈಗ ಸೂಚಿಸುತ್ತೇನೆ. ಓಜಿಬ್ವೆ ಎಂಬ ಮೂಲನಿವಾಸಿ ಜನಾಂಗದ ರಕ್ತಸಂಬಂಧವುಳ್ಳ ಲೇಖಕಿ ಲೂಯಿಸ್ ಅರ್ಡ್ರಿಕ್ ೧೯೯೯ರಲ್ಲಿ ‘ದ ಬರ್ಚ್‌ಬಾರ್ಕ್ ಹೌಸ್’ ಎಂಬ ಪುಸ್ತಕದಿಂದ ಮಕ್ಕಳ ಕಥಾಮಾಲೆಯೊಂದನ್ನು ಆರಂಭಿಸಿದರು. ಲಾರಾ ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲು, ೧೮೪೭ರಲ್ಲಿ, ಸುಪೀರಿಯರ್ ಸರೋವರದ ದ್ವೀಪವೊಂದರಲ್ಲಿ ಬೆಳೆಯುವ ಏಳು ವರ್ಷದ ಹುಡುಗಿಯ ಕಥೆ ಅದು. ಅಲ್ಲಿಯೂ ಮನೆ ಕಟ್ಟುತ್ತಾರೆ, ಚರ್ಮ ಹದಮಾಡುತ್ತಾರೆ, ಚಳಿಗಾಲಕ್ಕೆ ಧಾನ್ಯ ಕೂಡಿಡುತ್ತಾರೆ, ತಮ್ಮನನ್ನು ಎತ್ತಿಕೊಳ್ಳುತ್ತಾರೆ. ಎರಡನ್ನೂ ಓದಿದ ಮಗುವಿಗೆ ಆ ಕಾಡಿನ ಎರಡು ಮನೆಗಳೂ ಕಾಣುತ್ತವೆ. ನನ್ನ ಮಗಳಿಗೆ ನಾನು ಕೊಟ್ಟ ತಡವಾದ ಉತ್ತರ ಈ ಪುಸ್ತಕವೇ.

ಲಾರಾಳ ಕೊನೆಯ ವರ್ಷಗಳು ಶಾಂತವಾಗಿದ್ದವು. ಐದು ಪುಸ್ತಕಗಳು ಅಮೆರಿಕದ ಮಕ್ಕಳ ಸಾಹಿತ್ಯದ ಹಿರಿಯ ಬಹುಮಾನವಾದ ನ್ಯೂಬೆರಿಯ ಗೌರವಪಟ್ಟಿಗೆ ಸೇರಿದವು. ಮೊದಲ ಬಹುಮಾನ ಮಾತ್ರ ಒಮ್ಮೆಯೂ ಬರಲಿಲ್ಲ. ೧೯೪೯ರಲ್ಲಿ ತೊಂಬತ್ತೆರಡು ವರ್ಷದ ಆಲ್ಮಾಂಜೊ ತೀರಿಕೊಂಡನು. ತಂಗಿಯರಿಬ್ಬರೂ ಅದಕ್ಕೆ ಮೊದಲೇ ಹೋಗಿದ್ದರು. ದೇಶದ ಮೂಲೆಮೂಲೆಗಳಿಂದ ಮಕ್ಕಳ ಕಾಗದಗಳು ಬರುತ್ತಿದ್ದವು. ಮುದುಕಿ ತನ್ನ ಕೈಯಿಂದ ಉತ್ತರ ಬರೆಯುತ್ತಿದ್ದಳು. ೧೯೫೭ರ ಫೆಬ್ರವರಿ ೧೦ರಂದು, ತೊಂಬತ್ತನೆಯ ಹುಟ್ಟುಹಬ್ಬ ಕಳೆದ ಮೂರನೆಯ ದಿನ, ಕಲ್ಲುನೆಲದಲ್ಲಿ ತಾವೇ ಕಟ್ಟಿಕೊಂಡ ಆ ತೋಟದ ಮನೆಯಲ್ಲಿ ಆಕೆ ಕಣ್ಣು ಮುಚ್ಚಿದಳು.

ಈ ರಜೆಯಲ್ಲೂ ಯಾರಾದರೂ ಮಗುವಿನ ಕೈಹಿಡಿದು ನಮ್ಮ ಮನೆಗೆ ಬರಬಹುದು. ಮೊದಲನೆಯ ಪುಸ್ತಕವನ್ನು ತೆಗೆದಿಟ್ಟಿದ್ದೇನೆ. ಮಗುವಿಗೆ ಪುಸ್ತಕವನ್ನೂ, ತಂದೆಗೋ ತಾಯಿಗೋ ಒಂದು ಕೋರಿಕೆಯನ್ನೂ ಕೊಟ್ಟು ಕಳುಹಿಸುತ್ತೇನೆ: ಮೂರನೆಯ ಪುಸ್ತಕಕ್ಕೆ ಬಂದಾಗ, ದಯವಿಟ್ಟು ರಾತ್ರಿ ಅರ್ಧ ಗಂಟೆಯ ಬಿಡುವು ಮಾಡಿಕೊಂಡು ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿರಿ.